ಮೊದಲು ಜಾಗದ ಕಾಗದ ತೋರಿಸಿ: ಸಾಂತ್ವನಧಾಮ ಸಮಿತಿಗೆ ಒಬ್ಬ ಪಿಗ್ಮಿ ಸಂಗ್ರಾಹಕನ ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಪದಾಧಿಕಾರಿಗಳು,
ಊರಿನ ಸಾಂತ್ವನಧಾಮ ನಿರ್ಮಾಣ ಸಮಿತಿ,
ಉಡುಪಿ.

ಮಾನ್ಯರೇ,

ವಿಷಯ: ಸಾಂತ್ವನಧಾಮದ ಜಾಗ ಖರೀದಿಗೆಂದು ಎತ್ತಿದ ಹಣ ಮತ್ತು ನೀವು ಕೊಳ್ಳಲು ಹೊರಟಿರುವ ಜಾಗದ ಬಗ್ಗೆ.

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತು. ಓದುವ ಉಳಿದವರಿಗಾಗಿ ಹೇಳುತ್ತೇನೆ. ಸಂತೆಕಟ್ಟೆ, ಕಲ್ಯಾಣಪುರ, ನೇಜಾರು, ಕೆಮ್ಮಣ್ಣು, ಹೂಡೆ ಸಾಲಿನಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಪಿಗ್ಮಿ, ಅಂದರೆ ಜನ ದಿನಾ ಕಟ್ಟುವ ಸಣ್ಣ ಉಳಿತಾಯದ ಹಣ, ಎತ್ತುತ್ತಿರುವವನು ನಾನು. ಮೊದಲು ಸೈಕಲ್ಲು, ಆಮೇಲೆ ಲೂನಾ, ಈಗ ಸ್ಕೂಟರು. ಬೆಳಿಗ್ಗೆ ಅಂಗಡಿಗಳು, ಸಂಜೆ ಮನೆಗಳು. ಎರಡು ವರ್ಷಗಳ ಹಿಂದೆ ನೀವು ನಾಲ್ಕು ಜನ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು, ರೋಗಿಗಳೂ ಅವರನ್ನು ನೋಡಿಕೊಂಡು ದಣಿದ ಮನೆಯವರೂ ತಂಗುವ ಸಾಂತ್ವನಧಾಮದ ಯೋಜನೆ ವಿವರಿಸಿದಿರಿ. "ನೀವು ಹೋಗಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ" ಎಂದು ಆರು ರಸೀದಿ ಪುಸ್ತಕ ನನ್ನ ಕೈಗೆ ಕೊಟ್ಟಿರಿ. ಯಾರೂ ಇಲ್ಲ ಅನ್ನಲಿಲ್ಲ, ನಿಜ. ಈಗ ಅದೇ ಜನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ "ಜಾಗ ಆಯಿತಾ?" ಎಂದು ಕೇಳುತ್ತಾರೆ. ಕಾರ್ಯದರ್ಶಿಗಳಿಗೆ ಎರಡು ಸಲ ಪತ್ರ ಬರೆದುಕೊಟ್ಟೆ, ಉತ್ತರ ಬರಲಿಲ್ಲ. ಮೂರನೇ ಸಲ ಸಭೆಯಲ್ಲಿ ಎದ್ದು ಕೇಳಿದೆ. "ಅದೆಲ್ಲ ಆಮೇಲೆ ಕೂತು ಮಾತಾಡುವ" ಅಂದಿರಿ. ಕೂತು ಮಾತಾಡುವ ದಿನ ಬರಲಿಲ್ಲ. ಹಾಗಾಗಿ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಿಮ್ಮಲ್ಲಿ ಯಾರೂ ಹಣ ತಿಂದಿದ್ದೀರಿ ಎಂದು ನಾನು ಹೇಳುತ್ತಿಲ್ಲ, ಹಾಗೆ ನಂಬಿಯೂ ಇಲ್ಲ. ಅಧ್ಯಕ್ಷರು ತಮ್ಮ ಕೈಯಿಂದಲೇ ದೊಡ್ಡ ಮೊತ್ತ ಹಾಕಿದ್ದಾರೆಂದು ನನಗೆ ಗೊತ್ತು. ನನ್ನ ದೂರು ಬೇರೆ. ಊರವರ ಹಣದಲ್ಲಿ ಊರವರಿಗೆ ಹೇಳದೆ, ಕಾಗದ ಸರಿಯಿಲ್ಲದ ಜಾಗಕ್ಕೆ ನೀವು ಕೈ ಹಾಕಿದ್ದೀರಿ. ಯಾರಿಗಾಗಿ ಈ ಧಾಮ ಎಂದು ಹೊರಟೆವೋ ಅವರನ್ನು ಒಂದು ಮಾತೂ ಕೇಳಿಲ್ಲ.

ಪಿಗ್ಮಿಯವನಿಗೆ ಮನೆಯ ಒಳಗಿನ ವಿಷಯ ಗೊತ್ತಿರುತ್ತದೆ. ಸಂಬಂಧಿಕರು ವರ್ಷಕ್ಕೆ ಎರಡು ಸಲ ಬರುತ್ತಾರೆ, ನಾವು ದಿನಾ ಹೋಗುತ್ತೇವೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮನೆಯ ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ, ಯಾರು ಮಣಿಪಾಲಕ್ಕೆ ಕಿಮೋಗೆ ಹೋಗಿಬರುತ್ತಿದ್ದಾರೆ ಎಂದು ಹಣ ಕೊಡುವ ಕೈ ನೋಡಿಯೇ ತಿಳಿಯುತ್ತದೆ. ದಿನಕ್ಕೆ ಐವತ್ತು ಕಟ್ಟುತ್ತಿದ್ದವರು ಇಪ್ಪತ್ತಕ್ಕೆ ಇಳಿದರೆ, ಆಮೇಲೆ "ಇವತ್ತು ಬೇಡ" ಅನ್ನತೊಡಗಿದರೆ, ಒಳಗೆ ಏನೋ ಆಗಿದೆ ಎಂದೇ ಅರ್ಥ.

ಕೆಮ್ಮಣ್ಣಿನ ಒಂದು ಮನೆಯ ವಿಷಯ ಹೇಳಬೇಕು. ಹೆಸರು ಬೇಡ. ಆ ಅಕ್ಕನ ಗಂಡನಿಗೆ ಪಾರ್ಶ್ವವಾಯು ಬಡಿದು ಏಳು ವರ್ಷ ಆಯಿತು. ಮಂಚದ ಪಕ್ಕದಲ್ಲಿ ಮಣೆ ಹಾಕಿ ಕೂತು ಅವರು ಮಲ್ಲಿಗೆ ಕಟ್ಟುತ್ತಾರೆ. ಒಂದು ಚೆಂಡಿಗೆ ಎಂಟುನೂರು ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರು ತೊಡೆಯ ಮೇಲೆ, ಮೊಗ್ಗಿನ ಬುಟ್ಟಿ ಎಡಗಡೆ. ನಡುನಡುವೆ ಎದ್ದು ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ರಾತ್ರಿಯೂ ಅಷ್ಟೇ, ಎರಡು ಗಂಟೆಗೊಮ್ಮೆ ಏಳಬೇಕು. ಕಾರ್ಕಳದಲ್ಲಿ ಸ್ವಂತ ತಂಗಿಯ ಮಗಳ ಮದುವೆಗೆ ಅವರಿಗೆ ಹೋಗಲಾಗಲಿಲ್ಲ. ನಾನು ನಿಮ್ಮ ಕರಪತ್ರ ಓದಿ ಹೇಳಿದಾಗ ಹೂ ಕಟ್ಟುವ ಕೈ ನಿಲ್ಲಿಸಿ ಕೇಳಿದರು, "ಅಲ್ಲಿ ಇವರನ್ನು ನೋಡಿಕೊಳ್ಳುವವರು ಇರ್ತಾರಾ? ನನಗೆ ಬೇರೆ ಏನೂ ಬೇಡ. ಒಂದು ರಾತ್ರಿ ಬೆಳಗಿನವರೆಗೆ ಮಲಗಲಿಕ್ಕೆ ಸಿಕ್ಕಿದರೆ ಸಾಕು." ಹೂವಿನ ಹಣದಿಂದ ಎರಡು ಸಾವಿರ ಕೊಟ್ಟರು. ನೂರರ, ಐವತ್ತರ ನೋಟುಗಳು. ಎಣಿಸುವಾಗ ನನ್ನ ಬೆರಳಿಗೂ ಮಲ್ಲಿಗೆಯ ವಾಸನೆ ಹತ್ತಿತು. ರಸೀದಿ ಸಂಖ್ಯೆ 214.

ಕಲ್ಯಾಣಪುರದಲ್ಲಿ ಒಬ್ಬ ಹಿರಿಯರಿದ್ದಾರೆ. ಹೆಂಡತಿಗೆ ಮರೆವಿನ ಕಾಯಿಲೆ, ಮಕ್ಕಳು ಕೆನಡಾದಲ್ಲಿ. ಆಕೆ ಗೇಟು ತೆಗೆದು ಹೈವೇ ಕಡೆ ನಡೆದುಬಿಡುತ್ತಾರೆಂದು ಗಂಡ ಬೀಗದ ಕೈಯನ್ನು ಕೊರಳಿನ ಜಪಸರದ ಒಟ್ಟಿಗೇ ಕಟ್ಟಿಕೊಂಡಿದ್ದಾರೆ. ನಾನು ಹೋದಾಗ ಕುತ್ತಿಗೆ ಬಗ್ಗಿಸಿ, ಸರ ತೆಗೆಯದೆಯೇ ಬೀಗ ತೆಗೆಯುತ್ತಾರೆ. ಹೂಡೆಯಲ್ಲಿ ಇಬ್ಬರು ಹೆಂಗಸರು ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿದ್ದಾರೆ. ಆಸ್ಪತ್ರೆ ಬಿಡುಗಡೆ ಮಾಡಿದ ಮರುದಿನವೇ ಅವರಿಗೆ ಮನೆಯ ಒಲೆ ಕಾದಿತ್ತು. ನೇಜಾರಿನ ಒಬ್ಬ ಹುಡುಗ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಕುಡಿತ ಬಿಟ್ಟು ಬಂದ. ಆದರೆ ಶಿಬಿರ ಮುಗಿದ ಮೇಲೆ ಸಂಜೆ ಹೊತ್ತು ಹೋಗಿ ಕೂರಲು ಅವನಿಗೆ ಹಳೆಯ ಕಟ್ಟೆ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಎರಡು ತಿಂಗಳೂ ತಡೆಯಲಿಲ್ಲ.

ಇಂಥ ಮನೆಗಳಿಂದಲೇ ಬಂದ ಹಣ ಇದು. 312 ಮನೆ, 569 ರಸೀದಿ, 4,86,350 ರೂಪಾಯಿ. ಒಂದೊಂದು ಪೈಸೆಯನ್ನೂ ಸಮಿತಿಯ ಖಾತೆಗೆ ಕಟ್ಟಿ, ಚಲನ್‌ಗಳನ್ನು ಇಟ್ಟುಕೊಂಡಿದ್ದೇನೆ. ಬೇರೆಯವರು ಎತ್ತಿದ್ದು, ಮುಂಬಯಿಯಿಂದ ಮತ್ತು ಗಲ್ಫಿನಿಂದ ಬಂದದ್ದು ಎಲ್ಲ ಸೇರಿ 61 ಲಕ್ಷ ಆಗಿದೆಯೆಂದು ಸಮಾವೇಶದ ವೇದಿಕೆಯಲ್ಲಿ ನೀವೇ ಘೋಷಿಸಿದಿರಿ.

ಆ ಸಮಾವೇಶದ ಬಗ್ಗೆಯೂ ಒಂದು ಮಾತು. ಸಂತೆಕಟ್ಟೆಯಿಂದ ಸಭಾಂಗಣದವರೆಗೆ ಫ್ಲೆಕ್ಸ್, ಸ್ವಾಗತ ಕಮಾನು, ಒಂದು ಸಾವಿರಕ್ಕೂ ಮೇಲ್ಪಟ್ಟು ಜನರಿಗೆ ಊಟ. ಒಂದು ಲಕ್ಷ ಮೇಲೆ ಕೊಟ್ಟವರಿಗೆ ಶಾಲು, ಹಾರ, ಸ್ಮರಣಿಕೆ. ಕೊಟ್ಟವರನ್ನು ಗೌರವಿಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಜಾಗ ಇನ್ನೂ ಆಗಿಲ್ಲ, ಒಂದು ಕಲ್ಲು ಇಟ್ಟಿಲ್ಲ, ಆಗಲೇ ಸನ್ಮಾನ ಮುಗಿಯಿತು. ಆ ದಿನದ ಖರ್ಚು ಯಾವ ಖಾತೆಯಿಂದ ಹೋಯಿತು? ಪ್ರಾಯೋಜಕರು ಕೊಟ್ಟದ್ದಾದರೆ ಹಾಗೆ ಹೇಳಿ, ನನ್ನಂಥವರಿಗೆ ಸಮಾಧಾನ. ಜಾಗದ ಹಣದಿಂದ ಹೋಗಿದ್ದರೆ ಅದು ತಪ್ಪು. ಜನ ಜಾಗಕ್ಕೆಂದು ಕೊಟ್ಟಿದ್ದಾರೆ, ರಸೀದಿಯಲ್ಲಿ "ಜಾಗ ಖರೀದಿ ನಿಧಿ" ಎಂದು ಅಚ್ಚಾಗಿದೆ. ನಮ್ಮ ಕಡೆ ದೇವಸ್ಥಾನದಲ್ಲಿ ಒಂದು ಬ್ರಹ್ಮಕಲಶೋತ್ಸವ ಆದರೆ ಹೊರೆಕಾಣಿಕೆಗೆ ಬಂದ ತೆಂಗಿನಕಾಯಿಗೂ ಲೆಕ್ಕ ಇಡುತ್ತಾರೆ. ಎಲ್ಲ ಮುಗಿದ ಮೇಲೆ ಊರ ಹತ್ತು ಸಮಸ್ತರನ್ನು ಕರೆದು ಲೆಕ್ಕ ಓದಿ ಹೇಳುತ್ತಾರೆ. ಹತ್ತು ರೂಪಾಯಿ ಕೊಟ್ಟವರ ಹೆಸರೂ ಪುಸ್ತಕದಲ್ಲಿರುತ್ತದೆ. ಸಾಂತ್ವನಧಾಮಕ್ಕೆ ಆ ಮರ್ಯಾದೆ ಯಾಕಿಲ್ಲ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೆರ್ಡೂರಿನ ಆಚೆ ಮೂರು ಎಕ್ರೆ ಜಾಗ ನೋಡಿ ಮುಂಗಡ ಕೊಟ್ಟಿದ್ದೀರೆಂದು ತಿಳಿದಾಗ ನನಗೆ ಖುಷಿಯೇ ಆಯಿತು. ಒಂದು ಭಾನುವಾರ ಬಸ್ಸು ಹಿಡಿದು ನಾನೇ ಹೋಗಿ ನೋಡಿ ಬಂದೆ. ಬಸ್ಸಿಳಿದ ಮೇಲೆ ಒಂದೂವರೆ ಕಿಲೋಮೀಟರು ನಡೆಯಬೇಕು. ಕೊನೆಯ ಮುನ್ನೂರು ಮೀಟರು ಇನ್ನೊಬ್ಬರ ಅಡಿಕೆ ತೋಟದ ಬದು. ಅವರನ್ನು ಕೇಳಿದರೆ, "ನಡೆದು ಹೋಗಲಿಕ್ಕೆ ನಮ್ಮದೇನೂ ತಕರಾರಿಲ್ಲ, ಗಾಡಿಗೆ ದಾರಿ ಕೊಡುವುದಿಲ್ಲ" ಅಂದರು. ಮೇಲೆ ಮುರಕಲ್ಲಿನ ಗುಡ್ಡೆ, ಹಳೆಯ ಗೇರು ಮರಗಳು, ಗಾಳಿ ಒಳ್ಳೆಯದು, ನೋಟವೂ ಚೆಂದ. ಅದನ್ನು ಒಪ್ಪುತ್ತೇನೆ. ಬಾವಿಯೊಂದು ಉಂಟು. ಕಟ್ಟೆಗೆ ಬಗ್ಗಿ ಕಲ್ಲು ಹಾಕಿದೆ, ನೀರಿನ ಶಬ್ದ ಬರಲಿಲ್ಲ, ಕಲ್ಲಿಗೆ ಕಲ್ಲು ತಾಗಿದ ಶಬ್ದ ಬಂತು. ಆಗ ಇನ್ನೂ ಫೆಬ್ರವರಿ ತಿಂಗಳು.

ಅಲ್ಲಿಂದ ಬಂದು ಸರ್ವೆ ನಂಬರ್ ಹಾಕಿ ಪಹಣಿ ನೋಡಿದೆ. ಅದೇನೂ ಗುಟ್ಟಿನ ಕಾಗದವಲ್ಲ, ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಪಹಣಿಯಲ್ಲಿ ಇರುವುದು 1 ಎಕ್ರೆ 42 ಸೆಂಟ್ಸ್ (ನೂರು ಸೆಂಟ್ಸಿಗೆ ಒಂದು ಎಕ್ರೆ). ಉಳಿದ 1 ಎಕ್ರೆ 58 ಸೆಂಟ್ಸ್ ಎಲ್ಲಿ ಎಂದು ದಲ್ಲಾಳಿಯನ್ನು ಕೇಳಿದೆ. "ಅದು ಕುಮ್ಕಿ, ತಲೆತಲಾಂತರದಿಂದ ಇವರದ್ದೇ ಅನುಭೋಗ, ಯಾರೂ ಕೇಳುವವರಿಲ್ಲ" ಅಂದ.

ಕುಮ್ಕಿ ಎಂದರೇನೆಂದು ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಯ ರೈತರಿಗೆ ವಿವರಿಸಬೇಕಾಗಿಲ್ಲ. ಮುಂಬಯಿಯಲ್ಲಿ, ಮಸ್ಕತ್‌ನಲ್ಲಿ ಕೂತು ಹಣ ಕಳಿಸಿದ ಹುಡುಗರಿಗಾಗಿ ಬರೆಯುತ್ತೇನೆ. ಕದೀಂ ವರ್ಗ ಜಾಗಕ್ಕೆ (ಹಿಂದಿನ ಕಾಲದಿಂದ ಕಂದಾಯ ಕಟ್ಟುತ್ತ ಬಂದ ಖಾಸಗಿ ಜಾಗ) ತಾಗಿ ನೂರು ಗಜದೊಳಗೆ ಇರುವ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ ತರಲು, ದನ ಮೇಯಿಸಲು ವರ್ಗದಾರನಿಗೆ ಇರುವ ಸವಲತ್ತು ಅದು. ಸವಲತ್ತು ಮಾತ್ರ. ಜಾಗ ಸರ್ಕಾರದ್ದು. ಅದನ್ನು ಕ್ರಯಪತ್ರದಲ್ಲಿ ಬರೆದು ಮಾರಲು ಬರುವುದಿಲ್ಲ, ಅದರಲ್ಲಿ ಕಟ್ಟಡ ಕಟ್ಟಲು ಭೂಪರಿವರ್ತನೆ ಸಿಗುವುದಿಲ್ಲ. ನಮ್ಮಲ್ಲಿ "ಕುಮ್ಕಿ ಸಮೇತ" ಎಂದು ಬಾಯಿಮಾತಿನಲ್ಲಿ ವ್ಯಾಪಾರ ಆಗುವುದುಂಟು. ಅಡಿಕೆ, ಗೇರು ಹಾಕಿಕೊಂಡು ಇರುವವರಿಗೆ ಅದು ನಡೆದೀತು. ನೂರಾರು ಜನರ ದೇಣಿಗೆಯಲ್ಲಿ ಕಟ್ಟಡ ಕಟ್ಟಹೊರಟ ಸಮಿತಿಗೆ ನಡೆಯುವುದಿಲ್ಲ.

ಲೆಕ್ಕ ನೀವೇ ನೋಡಿ. ಸೆಂಟ್ಸಿಗೆ 45,000 ರೂಪಾಯಿ ಎಂದು ಮಾತಾಗಿದೆ. ಕುಮ್ಕಿಗೆ ಬೇರೆ, ವರ್ಗಕ್ಕೆ ಬೇರೆ ದರವಾದರೂ ಇರುತ್ತದೆ, ಇಲ್ಲಿ ಮೂರು ಎಕ್ರೆಗೂ ಒಂದೇ ದರ. 158 ಸೆಂಟ್ಸಿಗೆ 71,10,000 ರೂಪಾಯಿ. ಸರ್ಕಾರದ ಜಾಗಕ್ಕೆಂದು ಖಾಸಗಿಯವರಿಗೆ ನೀವು ಕೊಡಲು ಒಪ್ಪಿದ ಹಣ, ಇಡೀ ಊರು ಎರಡು ವರ್ಷದಲ್ಲಿ ಕೊಟ್ಟ 61 ಲಕ್ಷಕ್ಕಿಂತ ಹೆಚ್ಚು. ಈ ವಾಕ್ಯ ಬರೆಯುವಾಗ ನನಗೆ ಆ ನೂರರ, ಐವತ್ತರ ನೋಟುಗಳು ಕಣ್ಣೆದುರು ಬರುತ್ತವೆ.

ಮುಂಗಡ ಹದಿನೈದು ಲಕ್ಷ ಕೊಟ್ಟಾಗಿದೆ. ಕರಾರು ಸಮಿತಿಯ ಟ್ರಸ್ಟಿನ ಹೆಸರಿನಲ್ಲಿಲ್ಲ, ಪದಾಧಿಕಾರಿಗಳೊಬ್ಬರ ಸ್ವಂತ ಹೆಸರಿನಲ್ಲಿದೆ. ಯಾಕೆಂದು ಕೇಳಿದ್ದಕ್ಕೆ, "ಕೃಷಿ ಜಾಗ, ಟ್ರಸ್ಟಿನ ಹೆಸರಿಗೆ ಮಾಡಲು ತೊಂದರೆ ಬರುತ್ತದೆ, ಆಮೇಲೆ ವರ್ಗಾಯಿಸುವ" ಎಂಬ ಉತ್ತರ ಬಂತು. ಅವರು ಪ್ರಾಮಾಣಿಕರು. ಆದರೆ ಮನುಷ್ಯನಿಗೆ ಆಯುಷ್ಯ ಇಷ್ಟೇ ಎಂದು ಯಾರು ಹೇಳಿಯಾರು? ನಾಳೆ ಅವರಿಗೇನಾದರೂ ಆದರೆ ಆ ಕರಾರಿನ ಹಕ್ಕು ಅವರ ವಾರಸುದಾರರಿಗೆ ಹೋಗುತ್ತದೆ. ಅವರ ಮಕ್ಕಳನ್ನೂ ಊರವರನ್ನೂ ಕೋರ್ಟಿನಲ್ಲಿ ಎದುರುಬದುರು ನಿಲ್ಲಿಸುವ ಕೆಲಸವನ್ನು ನಾವೇ ಮಾಡಿದಂತೆ. ಮೇಲಾಗಿ ಆ ಕರಾರು ನೋಂದಣಿಯೂ ಆಗಿಲ್ಲ. ನೋಂದಣಿಯಾಗದ ಕರಾರು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಅದೇ ಜಾಗವನ್ನು ಇನ್ನೊಬ್ಬರಿಗೆ ತೋರಿಸಿ ಇನ್ನೊಂದು ಮುಂಗಡ ತೆಗೆದುಕೊಂಡರೂ ಹೊಸಬರಿಗೆ ತಿಳಿಯುವ ದಾರಿಯಿಲ್ಲ.

ಕೃಷಿ ಜಾಗ ತೊಂದರೆಯಾದರೆ, ಪರಿವರ್ತನೆಯಾದ ಜಾಗವನ್ನೇ ನೋಡಬೇಕಿತ್ತು. ಇಲ್ಲವೇ, ಕರಾರಿನಲ್ಲೇ ಷರತ್ತು ಹಾಕಬೇಕಿತ್ತು: ಮಾಲಕರು ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಪರಿವರ್ತನೆ ಮಾಡಿಸಿಕೊಡಬೇಕು, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಮಾಡಿಸಿಕೊಡಬೇಕು, ಗಾಡಿ ಹೋಗುವ ದಾರಿಯ ಹಕ್ಕನ್ನು ಬರೆದುಕೊಡಬೇಕು, ಇವು ಆಗದಿದ್ದರೆ ಮುಂಗಡ ವಾಪಸ್. ಹತ್ತು ಸೆಂಟ್ಸಿನ ಮನೆ ನಿವೇಶನ ಕೊಳ್ಳುವ ನನ್ನಂಥವನೂ ಇಷ್ಟನ್ನು ವಕೀಲರ ಹತ್ತಿರ ಕೇಳಿಕೊಂಡೇ ಕೊಳ್ಳುತ್ತಾನೆ. ಅದರ ಮೇಲೆ ಮುದ್ರಾಂಕ, ನೋಂದಣಿ ಶುಲ್ಕ ಉಂಟು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೇ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿದರೆ ಜಾಗದ ಬೆಲೆಯ ಶೇ. 7ಕ್ಕಿಂತ ಹೆಚ್ಚಾಗುತ್ತದೆ. ನಿಮ್ಮ ಕರಪತ್ರದ ಅಂದಾಜಿನಲ್ಲಿ ಈ ಬಾಬ್ತೇ ಇಲ್ಲ.

ನನಗೆ ಇನ್ನೂ ಅರ್ಥವಾಗದ್ದು, ಮೂರು ಎಕ್ರೆ ಯಾಕೆ ಎಂಬುದು. ನೀವು ತೋರಿಸಿದ ನಕ್ಷೆಯಲ್ಲಿ ಧ್ಯಾನಮಂದಿರ, ಔಷಧವನ, ಐನೂರು ಜನರ ಸಭಾಭವನ, ಅತಿಥಿಗೃಹ ಎಲ್ಲ ಇತ್ತು. ರೋಗಿಯನ್ನು ಕರೆದುಕೊಂಡು ಬಂದ ಮನೆಯವರು ಮಲಗುವ ಕೋಣೆಗಳು ಮೂಲೆಯಲ್ಲಿ ಆರು. ಕೆಮ್ಮಣ್ಣಿನ ಆ ಅಕ್ಕ ಹಾಸಿಗೆ ಹಿಡಿದ ಗಂಡನನ್ನು ಪೆರ್ಡೂರಿನ ಆಚೆಯ ಗುಡ್ಡೆಗೆ ಹೇಗೆ ಕರೆದೊಯ್ಯುತ್ತಾರೆ? ಆಂಬುಲೆನ್ಸ್ ಹೋಗಲು ದಾರಿಯೇ ಇಲ್ಲ. ನಡುರಾತ್ರಿ ಉಸಿರು ಕಟ್ಟಿದರೆ ಅಲ್ಲಿಂದ ಮಣಿಪಾಲ ಮುಟ್ಟುವುದು ಯಾವಾಗ? ಸುಖವಾಗಿರುವವರು ವಿರಾಮಕ್ಕೆ ಹೋಗುವುದಾದರೆ ದೂರದ ಗುಡ್ಡೆ ಒಳ್ಳೆಯದು. ದಣಿದವರಿಗೆ ಹತ್ತಿರದ ಮನೆ ಬೇಕು. ಬಸ್ಸಿಳಿದರೆ ಸಿಗಬೇಕು, ಆಸ್ಪತ್ರೆ ಹತ್ತಿರವಿರಬೇಕು, ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿರಬೇಕು. ಎಂಟು ಹಾಸಿಗೆ, ಒಂದು ಅಡುಗೆಕೋಣೆ, ಕೂತು ಮಾತಾಡಲು ಅಗಲವಾದ ಜಗಲಿ. ಇಪ್ಪತ್ತೈದು ಸೆಂಟ್ಸ್ ಸಾಕು.

ಅಂಥದ್ದು ಸಿಗುವುದಿಲ್ಲ ಅನ್ನಬೇಡಿ. ನನ್ನ ದಾರಿಯಲ್ಲೇ ಬೀಗ ಹಾಕಿದ ಹಂಚಿನ ಮನೆಗಳು ಹನ್ನೊಂದು ಇವೆ. ಮಾಡಿನ ಮೇಲೆ ಪಾಚಿ, ಅಂಗಳದಲ್ಲಿ ಆಳೆತ್ತರ ಹುಲ್ಲು, ಮಾಲಕರು ಮುಂಬಯಿಯಲ್ಲೋ ದುಬೈಯಲ್ಲೋ. ಅವರಲ್ಲಿ ಇಬ್ಬರು ಫೋನಿನಲ್ಲಿ ನನ್ನ ಹತ್ತಿರ, ಒಳ್ಳೆಯ ಕೆಲಸಕ್ಕಾದರೆ ಕಡಿಮೆ ಬೆಲೆಗೆ ಕೊಡುವ ಅಂದಿದ್ದಾರೆ. ಪಂಚಾಯತಿನ 9, 11 ನಮೂನೆಯ ಆಸ್ತಿ ದಾಖಲೆ ಇರುವ ಮನೆಗಳು. ಆದರೆ ಸ್ವರ್ಣಾ ನದಿಯ ಬದಿಯಲ್ಲಿ, ಉಪ್ಪುನೀರು ಏರುವ ಕಡೆ ಇರುವುದಾದರೆ ಕರಾವಳಿ ನಿಯಂತ್ರಣ ವಲಯದ ನಿಯಮ ತಗಲುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಸಣ್ಣದಾಗಿ ಹೊರಡುವುದು ನಮ್ಮ ಎರಡು ಜಿಲ್ಲೆಗೆ ಹೊಸತೇನೂ ಅಲ್ಲ. ನಾನು ಹೊಟ್ಟೆ ಹೊರೆಯುವ ಈ ಪಿಗ್ಮಿಯೇ 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಎಂದು ಶುರುಮಾಡಿದ್ದು. ಎರಡಾಣೆ ಕೊಡುವ ಮನೆಗೂ ಏಜೆಂಟ್ ದಿನಾ ಹೋಗುತ್ತಿದ್ದ, ಪುಸ್ತಕದಲ್ಲಿ ಬರೆದು ಕೊಡುತ್ತಿದ್ದ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ಪೇಟೆಯ ನಡುವೆಯೇ ಹೆಂಗಸರ, ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟರು, ಬಡವರು ನಡೆದು ಮುಟ್ಟುವಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೊರಟದ್ದು ಹೋಮಿಯೋಪಥಿ ಔಷಧ ಕೊಡುವ ಸಣ್ಣ ಕೆಲಸದಿಂದ. ಕುಷ್ಠರೋಗಿಗಳ ಆಶ್ರಯ, ದೊಡ್ಡ ಆಸ್ಪತ್ರೆ ಎಲ್ಲ ಆಮೇಲೆ ಬಂದದ್ದು.

ಪಕ್ಕದ ಕೇರಳವನ್ನೂ ನೋಡಿ. 1993ರಲ್ಲಿ ಕೋಝಿಕ್ಕೋಡಿನಲ್ಲಿ ನೋವು ಶಮನದ ಕೆಲಸ ಆರಂಭವಾಯಿತು. ಆಮೇಲೆ ಮಲಪ್ಪುರಂ ಜಿಲ್ಲೆಯ ಊರೂರಲ್ಲಿ ಜನರೇ ಸಣ್ಣ ಸಣ್ಣ ದೇಣಿಗೆ ಹಾಕಿ, ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೇ ಹೋಗತೊಡಗಿದರು. ಅವರು ಮೊದಲು ಕಟ್ಟಿದ್ದು ಕಟ್ಟಡವನ್ನಲ್ಲ, ಮನೆಮನೆಗೆ ಹೋಗುವ ಜನರನ್ನು. ನಮ್ಮಲ್ಲಿ ಜಾಗ ಆಗುವ ತನಕ ಯಾಕೆ ಕಾಯಬೇಕು? ನರ್ಸಿಂಗ್ ಓದಿ ನಿವೃತ್ತರಾದವರು ನನ್ನ ದಾರಿಯಲ್ಲೇ ನಾಲ್ಕೈದು ಜನ ಇದ್ದಾರೆ. ವಾರಕ್ಕೆ ಒಂದು ರಾತ್ರಿ ಒಬ್ಬರು ಹೋಗಿ ಆ ಮಂಚದ ಬಳಿ ಕೂತರೆ, ಕೆಮ್ಮಣ್ಣಿನ ಆ ಅಕ್ಕ ಇನ್ನೊಂದು ಕೋಣೆಯಲ್ಲಿ ಮಲಗಿಯಾರು. ಇದಕ್ಕೆ ಜಾಗದ ನಿಧಿ ಮುಟ್ಟಬೇಕಾಗಿಲ್ಲ.

ಕರಪತ್ರದ ಇನ್ನೊಂದು ಸಾಲು ನನಗೆ ಹೆದರಿಕೆ ಹುಟ್ಟಿಸಿದೆ. "ಮಾನಸಿಕ ಕಾಯಿಲೆ ಸಹಿತ ಸಕಲ ರೋಗಗಳಿಗೂ ಇಲ್ಲಿ ಪರಿಹಾರ" ಎಂದು ಅಚ್ಚು ಹಾಕಿಸಿದ್ದೀರಿ. ಜನರ ಸಂಕಟದ ಎದುರಿಗೆ ಇಂಥ ಮಾತು ಆಡಬಾರದು. ಮಾತ್ರೆ ತೆಗೆದುಕೊಳ್ಳುತ್ತಿರುವ ಒಬ್ಬ ಹುಡುಗನ ತಾಯಿ ಅದನ್ನು ಓದಿ, "ಹಾಗಾದರೆ ಮಾತ್ರೆ ನಿಲ್ಲಿಸಬಹುದಾ?" ಎಂದು ನನ್ನನ್ನೇ ಕೇಳಿದರು. ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ ಎಂದು ಕೈಮುಗಿದು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಕ್ಯಾಲೆಂಡರಿನ ಮೇಲೆ ಬರೆದು ಬಂದೆ. ಮನೋರೋಗ ಇರುವವರನ್ನು ಇರಿಸಿಕೊಂಡು ಆರೈಕೆ, ಚಿಕಿತ್ಸೆ ಕೊಡುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಬೇಕು, ಅರ್ಹ ಸಿಬ್ಬಂದಿ ಬೇಕು. ಆರೈಕೆ ಮಾಡಿ ದಣಿದವರ ವಿಶ್ರಾಂತಿಗೆಂದಾದರೆ ಅದು ಬೇರೆಯೇ ಕೆಲಸ. ಯಾವುದು ಮಾಡಲಿದ್ದೀರೆಂದು ಮೊದಲು ತೀರ್ಮಾನಿಸಿ. ನನ್ನ ಅಭಿಪ್ರಾಯ ಕೇಳಿದರೆ, ವಿಶ್ರಾಂತಿಯ ಮನೆಯಾಗಲಿ. ಚಿಕಿತ್ಸೆ ಆಸ್ಪತ್ರೆಯವರ ಕೆಲಸ.

ಹೊರದೇಶದ ಹಣದಲ್ಲೂ ಜಾಗ್ರತೆ ಬೇಕು. ಭಾರತದ ಪಾಸ್‌ಪೋರ್ಟೇ ಇರುವ ನಮ್ಮ ಗಲ್ಫ್ ಹುಡುಗರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಕಲ್ಯಾಣಪುರದ ಆ ಹಿರಿಯರ ಮಕ್ಕಳಂತೆ ಕೆನಡಾದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ, ಕೊಡುವುದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಂತೆ ವಿದೇಶಿ ದೇಣಿಗೆಯೇ. ಅದಕ್ಕೆ ಕೇಂದ್ರದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಸಮಿತಿಗೆ ಎರಡೂ ಇಲ್ಲ. ಅವರ ಮಗ ಕಳಿಸುತ್ತೇನೆ ಅಂದದ್ದನ್ನು ಈ ಕಾರಣಕ್ಕೇ ನಾನು ಬೇಡ ಅಂದೆ, ಮುನಿಸಿಕೊಂಡರು. ಬೇರೆ ಯಾರಿಂದಾದರೂ ಹಾಗೆ ತೆಗೆದುಕೊಂಡಿದ್ದರೆ ಕೂಡಲೇ ಲೆಕ್ಕಪರಿಶೋಧಕರಿಗೆ ತಿಳಿಸಿ. ಹಾಗೆಯೇ "ದೇಣಿಗೆಗೆ ಆದಾಯ ತೆರಿಗೆಯ 80ಜಿ ವಿನಾಯಿತಿ ಉಂಟು" ಎಂದು ಬಾಯಿಮಾತಿನಲ್ಲಿ ಹೇಳಿ ನಗದು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ಅನುಮೋದನೆ ಬಂದ ಮೇಲೂ 2,000 ರೂಪಾಯಿ ದಾಟಿದ ನಗದಿಗೆ ಆ ವಿನಾಯಿತಿ ಇಲ್ಲ.

ಅಧ್ಯಕ್ಷರೇ, ನನ್ನ ಬೇಡಿಕೆ ಇವು. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ದೇಣಿಗೆ ಕೊಟ್ಟವರೆಲ್ಲರ ಸಭೆ ಕರೆಯಿರಿ. ವೇದಿಕೆ, ಹಾರ ಬೇಡ, ಯಾವುದಾದರೂ ಶಾಲೆಯ ಕೋಣೆ ಸಾಕು. ಬ್ಯಾಂಕ್ ಖಾತೆಯ ಪಟ್ಟಿ, ಸಮಾವೇಶದ ಖರ್ಚು, ಕರಾರಿನ ಪ್ರತಿ ಮೂರನ್ನೂ ಅಲ್ಲಿ ಓದಿ ಹೇಳಿ, ಬಾಗಿಲಿಗೆ ಅಂಟಿಸಿ. ಪೆರ್ಡೂರಿನ ವ್ಯವಹಾರದಿಂದ ಹಿಂದೆ ಸರಿಯಿರಿ. ಮಾಲಕರ ಜತೆ ಕೂತು ಮುಂಗಡ ವಾಪಸ್ ಪಡೆಯುವ ಪ್ರಯತ್ನ ಮಾಡಿ. ಪೂರ್ತಿ ಸಿಗದಿದ್ದರೆ ಎಷ್ಟು ಹೋಯಿತೆಂದು ಊರಿಗೆ ಹೇಳಿ. ಹೋದದ್ದನ್ನು ಜನ ಸಹಿಸುತ್ತಾರೆ, ಮುಚ್ಚಿಟ್ಟದ್ದನ್ನು ಸಹಿಸುವುದಿಲ್ಲ. ಇನ್ನು ಮುಂದೆ ಯಾವ ಜಾಗಕ್ಕೂ ಪಹಣಿ, ಋಣಭಾರ ಪತ್ರ, ನಕ್ಷೆ, ದಾರಿ, ನೀರು ಇವನ್ನು ವಕೀಲರೂ ಸರ್ವೆಯವರೂ ನೋಡಿ ಬರೆದುಕೊಡದೆ ಒಂದು ರೂಪಾಯಿ ಕೊಡಬೇಡಿ. ಕೊಳ್ಳುವುದು ಟ್ರಸ್ಟಿನ ಹೆಸರಿನಲ್ಲೇ ಆಗಲಿ.

ಇನ್ನೊಂದು, ನನಗೆ ಎಲ್ಲಕ್ಕಿಂತ ದೊಡ್ಡದು. ಸಮಿತಿಯಲ್ಲಿ ಹದಿನೈದು ಜನ ಇದ್ದೀರಿ. ಉದ್ಯಮಿಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ, ಹಳೆಯ ದೊಡ್ಡ ಮನೆತನದ ಗುತ್ತಿನವರಿದ್ದಾರೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ರೋಗಿಯನ್ನು ಮಗ್ಗುಲು ಬದಲಿಸುವವರು ಒಬ್ಬರೂ ಇಲ್ಲ. ಅಂಥ ಐದು ಜನರನ್ನು ಸೇರಿಸಿಕೊಳ್ಳಿ, ಅವರಲ್ಲಿ ಮೂವರಾದರೂ ಹೆಂಗಸರಿರಲಿ. ಸಭೆಯನ್ನು ಅವರ ಮನೆಯ ಜಗಲಿಯಲ್ಲೇ ಇಡಿ, ಯಾಕೆಂದರೆ ಅವರಿಗೆ ಮನೆ ಬಿಟ್ಟು ಬರಲಾಗುವುದಿಲ್ಲ. ಕೋಣೆಯ ಬಾಗಿಲು ಎಷ್ಟು ಅಗಲ ಬೇಕು, ಕಕ್ಕಸಿಗೆ ಮೆಟ್ಟಿಲು ಯಾಕೆ ಇರಬಾರದು, ಮಂಚ ಎಷ್ಟು ಎತ್ತರ ಬೇಕು ಎಂದು ಅವರು ಹೇಳುವಷ್ಟು ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರ.

ನಾನು ಈ ಕೆಲಸ ಬಿಟ್ಟು ಹೋಗುವವನಲ್ಲ. ಸಭೆ ಕರೆದ ದಿನ 569 ರಸೀದಿಗಳ ಅಡಿಪ್ರತಿ, ಬ್ಯಾಂಕ್ ಚಲನ್ ಎಲ್ಲ ತಂದು ಮೇಜಿನ ಮೇಲೆ ಇಡುತ್ತೇನೆ. ನನ್ನ ಲೆಕ್ಕವನ್ನೂ ಎಲ್ಲರೆದುರು ನೋಡಿ. ಆರನೇ ಪುಸ್ತಕದಲ್ಲಿ 31 ಹಾಳೆ ಉಳಿದಿವೆ. ಕಾಗದ ಸರಿಯಿರುವ ಜಾಗ ಗೊತ್ತಾದ ದಿನ ಅವನ್ನು ಬರೆಯಲು ಶುರು ಮಾಡುತ್ತೇನೆ, ಅಲ್ಲಿಯವರೆಗೆ ಒಂದು ಹಾಳೆಯನ್ನೂ ಹರಿಯುವುದಿಲ್ಲ. ಇವತ್ತು ಸಂಜೆಯೂ ಕೆಮ್ಮಣ್ಣಿನ ಆ ಮನೆಗೆ ಹೋಗಲಿಕ್ಕಿದೆ. ಅಕ್ಕ ಕೇಳಿದರೆ, ಸಮಿತಿಗೆ ಪತ್ರ ಬರೆದಿದ್ದೇನೆ, ಹತ್ತನೇ ತಾರೀಕಿನೊಳಗೆ ಉತ್ತರ ಬರುತ್ತದೆ ಎಂದು ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿಮ್ಮ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದವನು,
ಕಲ್ಯಾಣಪುರ, ಉಡುಪಿ.